ಮೂರನೆಯ ಸಲ ಕೇಳುವವರೆಗೆ

ನಮ್ಮ ಕಡೆ ಮನೆಗೆ ಬಂದವರು ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂರುತ್ತಾರೆ. ಮೇಲಂಗಿ ಕಳಚುವುದಿಲ್ಲ. ಕಾಫಿ ಕುಡಿಯುತ್ತೀರಾ ಎಂದರೆ, ಬೇಡ, ಈಗ ತಾನೇ ಆಯಿತು ಎನ್ನುತ್ತಾರೆ. ಎರಡನೆಯ ಸಲ ಕೇಳಿದರೆ, ಸುಮ್ಮನೆ ತೊಂದರೆ ಯಾಕೆ ಎನ್ನುತ್ತಾರೆ. ಮೂರನೆಯ ಸಲ ಮನೆಯವರು ಕೇಳಿಯೂ ಕೇಳದ ಹಾಗೆ ಬಟ್ಟಲು ತಂದು ಮುಂದಿಡುತ್ತಾರೆ. ಆಗ ಬಂದವರು ಅರ್ಧ ಬಟ್ಟಲು ಸಾಕು ಎಂದು ಗೊಣಗುತ್ತಾ ಹೂಜಿ ಖಾಲಿಯಾಗುವವರೆಗೆ ಕುಡಿದು ಹೋಗುತ್ತಾರೆ. ದೂರದ ಉತ್ತರದ ಈ ವಿಂಡೆಲ್ ನದಿಯ ದಂಡೆಯ ಊರುಗಳಲ್ಲಿ ಇದನ್ನು ಯಾರೂ ಯಾರಿಗೂ ಕಲಿಸಿಕೊಟ್ಟದ್ದಲ್ಲ. ಮೊದಲನೆಯ ಸಲವೇ ಹೂಂ ಎಂದವರನ್ನು ಯಾರೂ ಬಯ್ಯುವುದೂ ಇಲ್ಲ. ಅವರು ಎದ್ದು ಹೋದ ಮೇಲೆ ಗಂಡ ಹೆಂಡತಿ ಮುಖ ಮುಖ ನೋಡಿಕೊಳ್ಳುತ್ತಾರೆ, ಅಷ್ಟೇ.

ಈ ವಿದ್ಯೆಯಲ್ಲಿ ಗುನ್ವೋರ್‌ಳನ್ನು ಮೀರಿಸುವವರು ನಮ್ಮೂರಲ್ಲಿ ಹುಟ್ಟಿರಲಿಲ್ಲ. ಶಾಲೆಯ ಅಡುಗೆಮನೆಯಲ್ಲಿ ಅವಳು ಒಂದು ಇಡೀ ತಲೆಮಾರಿಗೆ ಉಣ್ಣಿಸಿದ್ದಾಳೆ. ತಟ್ಟೆ ಹಿಡಿದು ನಿಂತ ಮಗು ಸಾಕು ಎಂದರೆ ಅವಳ ಕಿವಿಗೆ ಅದು ಬೀಳುತ್ತಲೇ ಇರಲಿಲ್ಲ. “ಇನ್ನೊಂದು ಆಲೂಗಡ್ಡೆ. ಚಿಕ್ಕದು. ಇದು ಲೆಕ್ಕಕ್ಕೇ ಇಲ್ಲ” ಎಂದು ಹಾಕಿಯೇ ಬಿಡುತ್ತಿದ್ದಳು. ನಮ್ಮೂರಿನವರ ಸೊಂಟದ ಸುತ್ತಳತೆಗೆ ಅವಳೇ ಕಾರಣ ಎಂದು ಈಗಲೂ ತಮಾಷೆ ಮಾಡುವುದುಂಟು. ತಾನು ಮಾತ್ರ ಒಲೆಯ ಪಕ್ಕ ನಿಂತುಕೊಂಡೇ ಒಂದಿಷ್ಟು ತಿಂದು ಮುಗಿಸುವಳು. ಮಂಜುಗಡ್ಡೆಯ ಮೇಲೆ ಜಾರಿ ಕಾಲು ಮುರಿದುಕೊಂಡಾಗ ಆಂಬುಲೆನ್ಸಿನವರಿಗೇ, “ನಿಮಗೆ ಬೇರೆ ಕೆಲಸ ಇರುತ್ತೆ, ನಾನು ಬಸ್ಸಲ್ಲಿ ಬರ್ತೀನಿ” ಎಂದ ಹೆಂಗಸು ಅದು. ಮದುವೆಯಾಗಲಿಲ್ಲ. ಒಬ್ಬ ಕೇಳಿದ್ದನಂತೆ. ಎಷ್ಟು ಸಲ ಕೇಳಿದ ಎನ್ನುವುದನ್ನು ಅವಳು ಯಾರಿಗೂ ಹೇಳಿಲ್ಲ.

ಅವಳಿಗೆ ಒಬ್ಬಳೇ ತಂಗಿ, ಬೆರಿತ್. ಇಪ್ಪತ್ತನೆಯ ವಯಸ್ಸಿಗೇ ಸ್ಟಾಕ್‌ಹೋಮ್ ಸೇರಿ, ದಂತವೈದ್ಯರೊಬ್ಬರ ಬಳಿ ಕೆಲಸಕ್ಕಿದ್ದು, ಟ್ರಾಮ್ ಓಡಿಸುವ ರೂನೆಯನ್ನು ಮದುವೆಯಾಗಿ, ಅಲ್ಲೇ ಬೇರೂರಿದವಳು. ಎರಡು ವರ್ಷದ ಹಿಂದೆ ರೂನೆ ತೀರಿಕೊಂಡ. ಗುನ್ವೋರ್ ಅಂತ್ಯಕ್ರಿಯೆಗೆ ಹೋಗಿದ್ದಳು. ಎಲ್ಲರೂ ಚದುರಿದ ಮೇಲೆ, “ನಾನು ನಾಲ್ಕು ದಿನ ಇರ್ಲಾ?” ಎಂದು ತಂಗಿಯನ್ನು ಕೇಳಿದಳು. “ಬೇಡ, ನಾನು ನಿಭಾಯಿಸ್ತೀನಿ” ಎಂದಳು ಬೆರಿತ್. ಪಟ್ಟಣದವರು ಆಡಿದ್ದೇ ಅರ್ಥ ಎಂದುಕೊಂಡು ಗುನ್ವೋರ್ ಅದೇ ಸಂಜೆಯ ರೈಲು ಹಿಡಿದಳು. ಆಮೇಲೆ ಫೋನಿನಲ್ಲಿ ಮಾತಾಗುತ್ತಿತ್ತು. ಹಿಮ ಎಷ್ಟು ಬಿತ್ತು, ಮೊಣಕಾಲು ಹೇಗಿದೆ. ಅದರಾಚೆಗೆ ಇಬ್ಬರೂ ಹೋಗುತ್ತಿರಲಿಲ್ಲ.

ಈ ಮಾರ್ಚಿನಲ್ಲಿ ಬೆರಿತ್‌ಗೆ ಎಪ್ಪತ್ತು ತುಂಬುವುದಿತ್ತು. ಹುಟ್ಟುಹಬ್ಬ ಗಿಟ್ಟುಹಬ್ಬ ಏನೂ ಬೇಡ ಎಂದು ಅವಳು ಮೊದಲೇ ಹೇಳಿಬಿಟ್ಟಿದ್ದಳು. ನಮ್ಮ ಕಡೆ ಹಾಗೆ ಹೇಳಿದವರ ಮನೆಗೆ ಕೇಕ್ ಹೊತ್ತುಕೊಂಡು ಹೋಗಲೇಬೇಕು. ಗುನ್ವೋರ್ ಫೋನ್ ಮಾಡಿದಳು.

“ಬರ್ತೀನಿ ಕಣೇ.”

“ಬರ್ತೀಯಾ?” ಬೆರಿತ್‌ಳ ದನಿ ಏರಿತು. “ಸರಿ, ಹಾಗಾದ್ರೆ ಇಲ್ಲೇ ಉಳ್ಕೊ.”

“ಅಯ್ಯೋ ಬೇಡ ಬೇಡ. ನಿನಗ್ಯಾಕೆ ತೊಂದರೆ? ಎಲ್ಲಾದ್ರೂ ಹೋಟೆಲ್ ನೋಡ್ಕೋತೀನಿ.”

ಗುನ್ವೋರ್ ಕಾದಳು. ಕಿವಿಗೆ ಒತ್ತಿಕೊಂಡ ಫೋನ್ ಬೆಚ್ಚಗಾಗುವಷ್ಟು ಕಾದಳು.

“ನಿನಗೆ ಹೇಗೆ ಅನುಕೂಲವೋ ಹಾಗೆ ಮಾಡು” ಎಂದಳು ಬೆರಿತ್.

ಫೋನ್ ಇಟ್ಟ ಮೇಲೆ ಗುನ್ವೋರ್ ಬಹಳ ಹೊತ್ತು ಅಡುಗೆಮನೆಯ ಕಿಟಕಿಯ ಬಳಿ ನಿಂತಿದ್ದಳು. ಯಾರೂ ಬೈದಿರಲಿಲ್ಲ, ಯಾರೂ ಬಾಗಿಲು ಹಾಕಿರಲಿಲ್ಲ. ಆದರೂ ಮುಖದ ಮೇಲೆ ಬಾಗಿಲು ಹಾಕಿದ ಹಾಗೆಯೇ ಅವಳಿಗೆ ಅನ್ನಿಸಿತು. ತಂಗಿಗೆ ತಾನು ಬೇಡವಾದೆ ಎಂದು ಅವಳು ತೀರ್ಮಾನಿಸಿಬಿಟ್ಟಳು. ತೀರ್ಮಾನಿಸಿದ ಮೇಲೂ, ಅದು ಸುಳ್ಳಾಗಲಿ ಎಂದು ಒಳಗೊಳಗೇ ಹಂಬಲಿಸಿದಳು.

ಹೋಟೆಲ್ ಹುಡುಕುವ ಕೆಲಸಕ್ಕೆ ಪಕ್ಕದ ಮನೆಯ ಹಿಲ್ಡಿಂಗ್ ಬೇಕಾಯಿತು. ಬಸ್ ಓಡಿಸಿ ನಿವೃತ್ತನಾದವನು, ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡಿದ್ದ. ಗುನ್ವೋರ್ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತು ಅಲ್ಲಿಂದಲೇ ಕತ್ತು ಉದ್ದ ಮಾಡಿ ನೋಡುತ್ತಿದ್ದಳು.

“ಹತ್ತಿರ ಬಾ ಮಾರಾಯ್ತಿ, ಕಂಪ್ಯೂಟರ್ ಕಚ್ಚಲ್ಲ” ಎಂದ ಹಿಲ್ಡಿಂಗ್. “ನೋಡು, ಇದು ಹಡಗಿನ ಒಳಗೆ. ನೀರಿನ ಮೇಲೆ ಮಲಗಬಹುದು.”

“ನನಗೆ ನೆಲವೇ ಸಾಕು.”

“ಇದರಲ್ಲಿ ಬೆಳಗಿನ ಉಪಾಹಾರ ಸೇರಿದೆ. ಹದಿನಾಲ್ಕು ಬಗೆ ಬ್ರೆಡ್ಡಂತೆ.”

“ಒಬ್ಬಳಿಗೆ ಹದಿನಾಲ್ಕು ಬಗೆ ಬ್ರೆಡ್ ಯಾಕಪ್ಪಾ? ಮುಂದಿಂದು ನೋಡು.”

ಅಲ್ಲಲ್ಲಿ ತಂಗಿ ಹೋದವರು ಬರೆದ ಅಭಿಪ್ರಾಯಗಳನ್ನು ಅವನು ಗಟ್ಟಿಯಾಗಿ ಓದುತ್ತಾ ಹೋದ. ಒಬ್ಬರಿಗೆ ಹಾಸಿಗೆ ಗಿಡ್ಡ, ಇನ್ನೊಬ್ಬರಿಗೆ ಗೋಡೆ ತೆಳು, ಮತ್ತೊಬ್ಬರಿಗೆ ಪಕ್ಕದ ಕೋಣೆಯವನ ಗೊರಕೆ. ಗುನ್ವೋರ್‌ಗೆ ಅವರ ಮೇಲೇ ಬೇಜಾರಾಯಿತು. ಒಂದು ರಾತ್ರಿ ತಂಗಿದ ಮನೆಯ ಬಗ್ಗೆ ಊರಿಗೆಲ್ಲ ಸಾರಿಕೊಂಡು ಬರುವುದು ಎಂಥ ನಡತೆ?

ಕೊನೆಗೆ ಒಂದು ಸಿಕ್ಕಿತು. ಸೋಡರ್‌ಮಾಲ್ಮ್ ಬಡಾವಣೆಯಲ್ಲಿ, ಹಳೆಯ ಕಟ್ಟಡವೊಂದರ ನೆಲಮಾಳಿಗೆ. ಸ್ನಾನದ ಕೋಣೆ ಓಣಿಯ ಕೊನೆಯಲ್ಲಿ. ಹೊದಿಕೆ, ಹಾಸುಬಟ್ಟೆ ನಾವೇ ತರಬೇಕು. ಹೊರಡುವಾಗ ಕೋಣೆಯನ್ನು ನಾವೇ ಗುಡಿಸಬೇಕು.

“ಇದೇ ಇರಲಿ” ಎಂದಳು ಗುನ್ವೋರ್. ಗುಡಿಸುವುದನ್ನು ಕೇಳಿ ಅವಳಿಗೆ ಆ ಹೋಟೆಲಿನ ಮೇಲೆ ಗೌರವ ಬಂದಿತ್ತು.

“ಕಿಟಕಿ ಇಲ್ಲ ಕಣೇ.”

“ಕಣ್ಣು ಮುಚ್ಚಿ ಮಲಗೋಳಿಗೆ ಕಿಟಕಿ ಯಾಕೆ?”

ಹಿಲ್ಡಿಂಗ್ ಕನ್ನಡಕ ತೆಗೆದು ಅವಳ ಕಡೆ ತಿರುಗಿದ. “ಇದಕ್ಕಿಂತ ಅಗ್ಗದ್ದು, ಕಿಟಕಿ ಇರೋದು, ಊರಾಚೆ ಇದೆ. ಇದೇ ಯಾಕೆ?”

“ಬೆರಿತ್ ಮನೆಯ ಬೀದಿ ಅದರ ಹಿಂದೇನೇ. ಚೀಲ ಎತ್ಕೊಂಡು ಹೋಗೋಕೆ…” ಎಂದವಳು ನಾಲಿಗೆ ಕಚ್ಚಿಕೊಂಡಳು.

ಹಿಲ್ಡಿಂಗ್ ನಗಲಿಲ್ಲ. ಅದು ಅವನ ದೊಡ್ಡತನ. ತಂಗಿ ಕೊನೆಯ ಗಳಿಗೆಯಲ್ಲಾದರೂ ಇಲ್ಲೇ ಇರು ಎಂದುಬಿಟ್ಟರೆ ಓಡಿಹೋಗಿ ಚೀಲ ತರಬಹುದು ಎನ್ನುವುದಕ್ಕಾಗಿ ಇವಳು ನೆಲದಡಿಯ ಕೋಣೆ ಹಿಡಿಯುತ್ತಿದ್ದಾಳೆ ಎಂದು ಅವನಿಗೆ ಹೊಳೆಯಿತು.

“ಇಲ್ಲೇ ಉಳ್ಕೋತೀನಿ ಅಂತ ಬಾಯಿಬಿಟ್ಟು ಒಂದು ಮಾತು ಕೇಳಬಾರದಾ?”

“ನಾನಾ?” ಎಂದಳು ಗುನ್ವೋರ್. “ಕೇಳೋದಾ?” ಚರ್ಚಿನಲ್ಲಿ ಬರಿಮೈಯಲ್ಲಿ ನಿಲ್ಲು ಎಂದಿದ್ದರೂ ಅಷ್ಟು ಬೆಚ್ಚುತ್ತಿರಲಿಲ್ಲ.

ಚೀಲಕ್ಕೆ ತುಂಬಿದ್ದೆಲ್ಲ ತಂಗಿಗೆ. ಒಂದು ದೊಡ್ಡ ತುಂಡು ಚೀಸ್, ತಾನೇ ಸುಟ್ಟ ತೆಳು ರೊಟ್ಟಿಗಳು, ಜೌಗಿನಲ್ಲಿ ಸೊಳ್ಳೆ ಕಚ್ಚಿಸಿಕೊಂಡು ಆಯ್ದ ಹಳದಿ ಹಣ್ಣಿನ ಜಾಮ್. ತನಗೆಂದು ಹಾಕಿಕೊಂಡದ್ದು ಅಮ್ಮನ ಹಾಸುಬಟ್ಟೆಗಳ ಜೋಡಿ ಒಂದೇ. ಅಮ್ಮ ತಾನೇ ನೇಯ್ದ ಅಗಸೆ ನಾರುಬಟ್ಟೆ, ಅಂಚಿಗೆ ಕೈಯಿಂದ ಹೆಣೆದ ಜಾಲರಿ. ಅಮ್ಮ ಹೋದ ಮೇಲೆ ಅಕ್ಕತಂಗಿಯರು ಇವನ್ನೇ ಸಮನಾಗಿ ಹಂಚಿಕೊಂಡಿದ್ದರು.

ರಾತ್ರಿಯ ರೈಲು ಹುಟ್ಟುಹಬ್ಬದ ಹಿಂದಿನ ದಿನ ಬೆಳಿಗ್ಗೆ ಸ್ಟಾಕ್‌ಹೋಮ್ ಮುಟ್ಟಿತು. ನೆಲದಡಿಯ ರೈಲು ಹಿಡಿದು ಸ್ಲುಸೆನ್‌ನಲ್ಲಿ ಇಳಿದಾಗ ತಾನೇ ಮೇಲೇರುವ ವಿದ್ಯುತ್ ಮೆಟ್ಟಿಲು ಕೆಟ್ಟು ನಿಂತಿತ್ತು. ಕಲ್ಲಿನ ಮೆಟ್ಟಿಲ ಬುಡದಲ್ಲಿ ಚೀಲ ಇಟ್ಟು ಉಸಿರು ತೆಗೆದುಕೊಳ್ಳುತ್ತಿರುವಾಗ ಒಬ್ಬ ಯುವಕ ನಿಂತ. “ನಾನು ಎತ್ಕೊಂಡು ಬರ್ಲಾ?”

“ಬೇಡ ಬೇಡ, ತೊಂದರೆ ತಗೋಬೇಡಿ.”

“ಸರಿ” ಎಂದ ಅವನು. ಹೋಗಿಯೇ ಬಿಟ್ಟ.

ಗುನ್ವೋರ್ ಅವನ ಬೆನ್ನನ್ನೇ ನೋಡುತ್ತಾ ನಿಂತಳು. ನಮ್ಮೂರಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಚೀಲಕ್ಕಾಗಿ ಜಗ್ಗಾಟ ನಡೆದು, ಅವನು ಗೆದ್ದು, ಮೇಲೆ ಹೋಗಿ, ಯಾರ ಮಗ ಎಂದು ವಿಚಾರಿಸಿಯೂ ಆಗಿರುತ್ತಿತ್ತು. ಅವಳು ಒಂದೊಂದೇ ಮೆಟ್ಟಿಲು ಹತ್ತಿದಳು. ಹತ್ತುತ್ತಾ ಹತ್ತುತ್ತಾ ಒಂದು ಯೋಚನೆ ಬಂತು: ಆ ಹುಡುಗ ಕೆಟ್ಟವನಲ್ಲ. ನಾನು ಬೇಡ ಎಂದೆ, ಅವನು ನನ್ನ ಮಾತನ್ನು ನಂಬಿದ. ಹಾಗೆ ನೋಡಿದರೆ ನಮ್ಮೂರಲ್ಲಿ ಯಾರೂ ಯಾರ ಮಾತನ್ನೂ ನಂಬುವುದಿಲ್ಲವಲ್ಲ! ಈ ಯೋಚನೆ ಅವಳಿಗೆ ಹಿಡಿಸಲಿಲ್ಲ. ಮೇಲೆ ಬಂದು ಅದನ್ನು ಕೊಡವಿಕೊಂಡಳು.

ಹೋಟೆಲಿಗೆ ಹೋಗುವ ದಾರಿ ಬೆರಿತ್‌ಳ ಬೀದಿಯ ಮೇಲೇ ಹಾದುಹೋಗುತ್ತಿತ್ತು. ಬೇರೆ ದಾರಿಯೂ ಇತ್ತು ಎನ್ನುವುದು ನಮಗೆ ಗೊತ್ತು, ಅವಳಿಗೂ ಗೊತ್ತಿತ್ತು. ಎದುರುಗಡೆಯ ಕಾಲುದಾರಿಯಲ್ಲಿ ನಿಂತು ಎರಡನೆಯ ಮಹಡಿಯತ್ತ ಕಣ್ಣೆತ್ತಿದಳು. ಅಡುಗೆಮನೆಯ ದೀಪ ಉರಿಯುತ್ತಿತ್ತು. ಒಂದು ನೆರಳು ಅತ್ತಿಂದಿತ್ತ ಓಡಾಡಿತು. ಇಲ್ಲೇ ನಿಂತು ಕೂಗಿದರೆ ಕೇಳಿಸುತ್ತದೆ ಅನ್ನಿಸಿತು. ಕೆಸರು ಹಿಮ ಬೂಟಿನೊಳಗೆ ಇಳಿಯುವವರೆಗೆ ನಿಂತಿದ್ದು, ಆಮೇಲೆ ಚೀಲ ಎತ್ತಿಕೊಂಡು ಮುಂದೆ ಹೋದಳು. ಅಷ್ಟು ಒಂಟಿತನ ಅವಳಿಗೆ ಕಾಡಿನಲ್ಲಿ ಹಣ್ಣು ಆಯುವಾಗಲೂ ಆಗಿರಲಿಲ್ಲ.

ಹೋಟೆಲಿನಲ್ಲಿ ಬನ್ನಿ ಎನ್ನುವ ಮನುಷ್ಯನೇ ಇರಲಿಲ್ಲ. ಹಿಲ್ಡಿಂಗ್ ಬರೆದುಕೊಟ್ಟಿದ್ದ ಅಂಕಿಗಳ ಗುಂಡಿ ಒತ್ತಿದರೆ ಬಾಗಿಲು ತಾನೇ ತೆರೆದುಕೊಂಡಿತು. ಅದೂ ಮಧ್ಯಾಹ್ನದ ಮೇಲೆ. ಅಲ್ಲಿಯವರೆಗೆ ಗ್ರಂಥಾಲಯದಲ್ಲಿ ಕೂತು ಕಾಲು ಒಣಗಿಸಿಕೊಂಡಳು. ಕೋಣೆಯಲ್ಲಿ ಮಂಚ, ಒಂದು ಕೊಕ್ಕೆ, ಗೋಡೆಯೊಳಗೆ ಎಲ್ಲೋ ಗುಂಯ್‌ಗುಡುವ ಗಾಳಿಯಂತ್ರ. ಕಿಟಕಿ ಇರಬೇಕಾದ ಕಡೆ ಕಾಡಿನ ಚಿತ್ರ ಅಂಟಿಸಿದ್ದರು. ನಮ್ಮ ಕಡೆಯ ಕಾಡಲ್ಲ, ಎಲೆ ಅಗಲವಾಗಿತ್ತು. ಗುನ್ವೋರ್ ಮೊದಲು ನೆಲ ಗುಡಿಸಿದಳು. ಆಮೇಲೆ ಅಮ್ಮನ ಹಾಸುಬಟ್ಟೆ ಹಾಸಿ, ಸುಕ್ಕು ತೆಗೆದು, ಜಾಲರಿಯ ಅಂಚು ಮೇಲೆ ಬರುವಂತೆ ಮಡಿಸಿದಳು. ಹಾಗೆ ಮಾಡಿದ ಮೇಲೆ ಕೋಣೆ ಅಷ್ಟೇನೂ ಕೆಟ್ಟದಾಗಿ ಕಾಣಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡಳು.

ಸಂಜೆ ಹೋಗಿ ಗಂಟೆ ಒತ್ತಿದಾಗ ಬೆರಿತ್ ಬಾಗಿಲು ತೆರೆದಳು. ತುಂಬಾ ಇಳಿದುಹೋಗಿದ್ದಳು. ಇಬ್ಬರೂ ಅರ್ಧ ತಬ್ಬಿಕೊಂಡ ಹಾಗೆ ಮಾಡಿ ಬಿಟ್ಟರು. ಚೀಸ್, ರೊಟ್ಟಿ, ಜಾಮ್ ಎಲ್ಲ ಮೇಜಿನ ಮೇಲೆ ಬಂತು. ಬೆರಿತ್ ಕಾಫಿ ಬಗ್ಗಿಸಿದಳು. ರೈಲಿನಲ್ಲಿ ಕಣ್ಣು ಮುಚ್ಚದ ಗುನ್ವೋರ್‌ಗೆ ಆ ಬಟ್ಟಲು ಗಂಟಲಿಗೂ ಸಾಲಲಿಲ್ಲ.

“ಇನ್ನೊಂದು ಸ್ವಲ್ಪ ಹಾಕ್ಲಾ?”

“ಬೇಡ ಬೇಡ.”

ಬೆರಿತ್ ಹೂಜಿಯನ್ನು ಕೆಳಗಿಟ್ಟಳು. ಅದರ ಮೂತಿಯಿಂದ ಹಬೆ ಏಳುವುದನ್ನು ಗುನ್ವೋರ್ ನೋಡುತ್ತಾ ಕೂತಳು.

ಕೈ ತೊಳೆಯಲು ಹೋಗುವಾಗ ಚಿಕ್ಕ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಹಾಸಿಗೆ ಸಿದ್ಧವಾಗಿತ್ತು. ಮಗುಚಿಟ್ಟ ನೀರಿನ ಲೋಟ, ದೀಪ, ಕಿಟಕಿಯಾಚೆ ಅಂಗಳದ ಬರ್ಚ್ ಮರ. ಹಾಸಿಗೆಯ ಮೇಲೆ ಅಮ್ಮನ ಜಾಲರಿಯಂಚಿನ ಬಟ್ಟೆ! ಯಾರೋ ಬರುವವರಿದ್ದಾರೆ. ಅಮ್ಮನ ಬಟ್ಟೆ ಹಾಸಿಕೊಡುವಷ್ಟು ಬೇಕಾದವರು ಯಾರೋ. ಅದಕ್ಕೇ ನನಗೆ ಜಾಗವಿಲ್ಲ. ಅವಳು ಕೈ ತೊಳೆಯದೆಯೇ ಬಂದು ಕೂತಳು. ಈ ಸಲ ಬಾಗಿಲ ಪಕ್ಕದ ಕುರ್ಚಿಯಲ್ಲಿ.

“ನಿನ್ನ ಹೋಟೆಲ್ ಹೇಗಿದೆ?” ಎಂದಳು ಬೆರಿತ್, ಮೇಜಿನ ಮೇಲಿನ ಚೂರುಗಳನ್ನು ಒಟ್ಟುಮಾಡುತ್ತಾ.

“ತುಂಬಾ ಚೆನ್ನಾಗಿದೆ.”

“ಕೋಣೆಯಿಂದ ಏನು ಕಾಣುತ್ತೆ? ಆ ಕಡೆಯೆಲ್ಲ ನೀರು ಕಾಣ್ಬೇಕು.”

ಗುನ್ವೋರ್ ಸುಳ್ಳು ಹೇಳುವವಳಲ್ಲ. “ಗೋಡೆ.”

“ಕಿಟಕಿಯಿಂದ ಗೋಡೆನಾ?”

“ಕಿಟಕಿ ಇಲ್ಲ.”

ಬೆರಿತ್ ಚೂರುಗಳನ್ನು ಹಾಗೇ ಬಿಟ್ಟು ಎದ್ದಳು. ಮೇಲಂಗಿ ಹಾಕಿಕೊಂಡಳು. “ನಡಿ. ತೋರಿಸು.”

ನೆಲಮಾಳಿಗೆಯ ಮೆಟ್ಟಿಲಿಳಿದು, ಓಣಿ ದಾಟಿ, ಗುನ್ವೋರ್ ಬಾಗಿಲು ತೆರೆದಾಗ ಬೆರಿತ್ ಹೊಸ್ತಿಲಲ್ಲೇ ನಿಂತಳು. ಗಾಳಿಯಂತ್ರ ಗುಂಯ್‌ಗುಡುತ್ತಿತ್ತು. ಅವಳ ಕಣ್ಣು ಕಾಡಿನ ಚಿತ್ರದ ಮೇಲೆ ಹೋಗಿ, ಅಲ್ಲಿಂದ ಮಂಚಕ್ಕೆ ಇಳಿದು, ಜಾಲರಿಯ ಅಂಚಿನ ಮೇಲೆ ನಿಂತಿತು.

“ಆಲೂಗಡ್ಡೆ ಇಡೋ ಜಾಗ ಇದು” ಎಂದಳು. “ನನ್ನ ಮನೆಯಲ್ಲಿ ಮಲಗೋದಕ್ಕಿಂತ ಇದೇ ವಾಸಿ ಅನ್ನಿಸ್ತಾ ನಿನಗೆ? ಅಮ್ಮನ ಬಟ್ಟೆ ತಂದು ಈ ಗುಂಡಿಯಲ್ಲಿ ಹಾಸಿದ್ದೀಯಲ್ಲೇ!”

“ನಿನ್ನ ಮನೆಗೆ ಬೇರೆ ಯಾರೋ ಬರ್ತಾರಲ್ಲ.”

“ಯಾರು?”

“ಹಾಸಿಗೆ ನೋಡ್ದೆ.”

“ಅದು ನಿನಗಲ್ಲದೆ ಇನ್ನೇನು ಮಹಾರಾಜರಿಗಾ?” ಬೆರಿತ್ ಚೀರಿದಳು. ಪಕ್ಕದ ಕೋಣೆಯಲ್ಲಿ ಯಾರೋ ಗೋಡೆ ಬಡಿದರು. “ನೀನು ಬೇಡ ಅಂದ ಮೇಲೂ ಹಾಸಿಟ್ಟೆ. ಕತ್ತೆ ನಾನು.”

“ನೀನು ಕರೀಲಿಲ್ಲ.”

“ಕರೆದೆ! ಫೋನಲ್ಲಿ, ನನ್ನ ಬಾಯಾರೆ ಕರೆದೆ.”

“ಒಂದು ಸಲ” ಎಂದಳು ಗುನ್ವೋರ್.

ಐವತ್ತು ವರ್ಷ ಪಟ್ಟಣದಲ್ಲಿದ್ದು ಮರೆತದ್ದು ಬೆರಿತ್‌ಳ ಮುಖದ ಮೇಲೆ ನಿಧಾನವಾಗಿ ಬಂದು ಕೂತಿತು. ಅವಳು ಮಂಚದ ತುದಿಗೆ ಕುಸಿದಳು. ಮತ್ತೆ ಮಾತಾಡಿದಾಗ ದನಿಯಲ್ಲಿ ಸಿಟ್ಟಿರಲಿಲ್ಲ.

“ರೂನೆಯನ್ನು ಮಣ್ಣು ಮಾಡಿದ ದಿನ, ಇರ್ಲಾ ಅಂತ ನೀನೆಷ್ಟು ಸಲ ಕೇಳ್ದೆ?”

ಗುನ್ವೋರ್ ಹಾಸುಬಟ್ಟೆಯ ಸುಕ್ಕು ತೆಗೆಯತೊಡಗಿದಳು.

“ನೀನು ಚೀಲ ಎತ್ಕೊಂಡು ಹೊರಟಾಗ ನಾನು ಅಡುಗೆಮನೆಯಲ್ಲಿ ನಿಂತಿದ್ದೆ. ಬಾಗಿಲವರೆಗೆ ಹೋಗಿ ವಾಪಸ್ ಬರ್ತಾಳೆ, ಇನ್ನೊಂದು ಸಲ ಕೇಳ್ತಾಳೆ ಅಂದ್ಕೊಂಡೆ. ಊರ ಮಕ್ಕಳಿಗೆಲ್ಲ ಬೇಡ ಬೇಡ ಅಂದ್ರೂ ತುರುಕಿದೋಳು ನೀನು. ನನಗೆ ಮಾತ್ರ ಬೇಡ ಅಂದ ತಕ್ಷಣ ಬಿಟ್ಟು ಹೋದೆ.”

“ನೀನು ಇಲ್ಲಿಯವಳಾಗಿದ್ದೀಯ ಅಂದ್ಕೊಂಡೆ” ಎಂದಳು ಗುನ್ವೋರ್. ಅದಕ್ಕಿಂತ ಹೆಚ್ಚು ಹೇಳಲು ಅವಳಿಂದಾಗಲಿಲ್ಲ. ಎರಡು ವರ್ಷ ತಂಗಿ ಆ ಮನೆಯಲ್ಲಿ ಒಬ್ಬಳೇ ಓಡಾಡಿದ್ದು ಕಣ್ಣಿಗೆ ಕಟ್ಟಿ, ಅವಳಿಗೆ ಅಳು ಬಂತು. ಅತ್ತಳು. ಮೇಲಂಗಿಯ ತೋಳಿನಿಂದ ಮೂಗು ಒರೆಸಿಕೊಂಡಳು.

ಬೆರಿತ್ ಎದ್ದಳು. “ಮನೆಗೆ ಬಾ.”

“ಬೇಡ, ಇದಕ್ಕೆ ದುಡ್ಡು ಕೊಟ್ಟಾಗಿದೆ.”

“ಗುನ್ವೋರ್. ಮನೆಗೆ ಬಾ.”

“ಸುಮ್ನೆ ನಿನಗ್ಯಾಕೆ…”

ಮೂರನೆಯ ಸಲ ಬೆರಿತ್ ಏನೂ ಕೇಳಲಿಲ್ಲ. ಹಾಸುಬಟ್ಟೆಯನ್ನು ಮಂಚದಿಂದ ಸರ್ರನೆ ಎಳೆದು, ಎರಡು ಮೂಲೆ ತಾನು ಹಿಡಿದು, ಇನ್ನೆರಡನ್ನು ಅಕ್ಕನತ್ತ ಎಸೆದಳು. “ಹಿಡಿ.”

ನಾರುಬಟ್ಟೆಯನ್ನು ಒಬ್ಬರೇ ಮಡಿಸಲಾಗುವುದಿಲ್ಲ. ಇಬ್ಬರು ಎದುರುಬದುರು ನಿಂತು, ಹಿಂದಕ್ಕೆ ವಾಲಿ, ಇದ್ದ ಬಲವನ್ನೆಲ್ಲ ಹಾಕಿ ಜಗ್ಗಬೇಕು. ಆಗಲೇ ಅಂಚು ನೇರವಾಗುವುದು. ಚಿಕ್ಕಂದಿನಲ್ಲಿ ಅಮ್ಮ ಶನಿವಾರ ಶನಿವಾರ ಇವರಿಬ್ಬರಿಂದಲೇ ಈ ಕೆಲಸ ಮಾಡಿಸುತ್ತಿದ್ದಳು. ಆ ಇಕ್ಕಟ್ಟಿನಲ್ಲಿ ಗುನ್ವೋರ್‌ಳ ಬೆನ್ನು ಗೋಡೆಯ ಕಾಡಿಗೆ ತಾಗುತ್ತಿತ್ತು, ಬೆರಿತ್‌ಳ ಮೊಣಕಾಲು ಮಂಚಕ್ಕೆ. ಜಗ್ಗಿದರು. ಮತ್ತೆ ಜಗ್ಗಿದರು. ಬೆರಿತ್ ಪೂರ್ತಿ ಹಿಂದಕ್ಕೆ ವಾಲಿದ ಗಳಿಗೆ ನೋಡಿ ಗುನ್ವೋರ್ ಕೈ ಬಿಟ್ಟುಬಿಟ್ಟಳು.

ಬೆರಿತ್ ದೊಪ್ಪೆಂದು ಮಂಚದ ಮೇಲೆ ಬಿದ್ದಳು. ತಲೆಯ ಮೇಲೆ ಅಮ್ಮನ ಬಟ್ಟೆ.

“ಥೂ ನಿನ್ನ! ಎಪ್ಪತ್ತಮೂರಾದ್ರೂ ಬುದ್ಧಿ ಬರಲಿಲ್ಲವಲ್ಲೇ!” ಬಟ್ಟೆಯೊಳಗಿಂದ ಅವಳು ನಗುತ್ತಿದ್ದಳು, ಅಳುತ್ತಲೂ ಇದ್ದಳೇನೋ. ಪಕ್ಕದವರು ಮತ್ತೆ ಗೋಡೆ ಬಡಿದರು. “ಬರ್ತೀಯೋ ಇಲ್ವೋ?”

ನಮ್ಮ ಕಡೆ ಒಪ್ಪಿಗೆಗೆ ಬಾಯಿ ತೆರೆಯುವುದಿಲ್ಲ. ತುಟಿ ಚೂಪು ಮಾಡಿ ಸುರ್ರೆಂದು ಒಂದಿಷ್ಟು ಗಾಳಿ ಒಳಗೆಳೆದುಕೊಳ್ಳುತ್ತೇವೆ. ಗುನ್ವೋರ್ ಎಳೆದುಕೊಂಡಳು.

ಹೊರಡುವ ಮೊದಲು ಇಬ್ಬರೂ ಸೇರಿ ಕೋಣೆ ಗುಡಿಸಿದರು. ಮೆಟ್ಟಿಲಲ್ಲಿ ಚೀಲಕ್ಕಾಗಿ ಜಗ್ಗಾಟವಾಯಿತು, ಬೆರಿತ್ ಗೆದ್ದಳು. ಮನೆಯಲ್ಲಿ ಅಡುಗೆಮನೆಯ ದೀಪ ಹಾಗೇ ಉರಿಯುತ್ತಿತ್ತು. ಗುನ್ವೋರ್ ಮೇಲಂಗಿ ಕಳಚಿ ಕೊಕ್ಕೆಗೆ ಹಾಕಿದಳು. ಬಾಗಿಲ ಪಕ್ಕದ ಕುರ್ಚಿಯನ್ನು ದಾಟಿ, ಕಿಟಕಿಯ ಬಳಿ ರೂನೆ ಕೂರುತ್ತಿದ್ದ ಕುರ್ಚಿಯವರೆಗೆ ಹೋಗಿ ಕೂತಳು. ಕೈಗಳನ್ನು ಮಡಿಲಲ್ಲಿಟ್ಟುಕೊಂಡಳು. ಏನೋ ಹೇಳಹೊರಟು ಗಂಟಲು ಸರಿಮಾಡಿಕೊಂಡಳು.

“ಕಾಫಿ ಇನ್ನೂ ಇದೆಯಾ?”

ಒಲೆಯ ಕಡೆ ತಿರುಗಿದ್ದ ಬೆರಿತ್ ಗಕ್ಕನೆ ನಿಂತಳು. ಅಕ್ಕ ತಾನಾಗಿ ತನಗೆಂದು ಏನನ್ನಾದರೂ ಕೇಳಿದ್ದನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

“ಅದು ಆರಿಹೋಗಿದೆ. ಹೊಸದಾಗಿ ಮಾಡ್ಲಾ?”

“ಬೇಡ ಬೇಡ, ಆರಿದ್ದೇ…” ಎಂದ ಗುನ್ವೋರ್ ತಡೆದುಕೊಂಡಳು. ಕಿಟಕಿಯಾಚೆ ಒಮ್ಮೆ ನೋಡಿ, ತಂಗಿಯ ಕಡೆ ತಿರುಗಿದಳು.

“ಮಾಡು” ಎಂದಳು.